ದಪ್ಪ ಉಣ್ಣೆಯ ಸೂಟ್ ಪ್ಯಾಂಟ್ ಮೇಲೆ ಗಂಟು ಏಳದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಉಣ್ಣೆ ಪ್ಯಾಂಟಿನ ಮಾತು ಬಂದರೆ ಸಾಕು, ಯಾರಾದರೊಬ್ಬರು ಒಳತೊಡೆಯ ಹತ್ತಿರದ ಬಟ್ಟೆ ಹಿಡಿದು ತೋರಿಸಿ "ಇದಕ್ಕೇನು ಮಾಡೋದು?" ಅಂತ ಕೇಳುತ್ತಾರೆ. ಪತ್ರಗಳಲ್ಲೂ ಇದೇ ಪ್ರಶ್ನೆ. ಹಾಗೆ ಮತ್ತೆ ಮತ್ತೆ ಬಂದವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ಸ್ವಲ್ಪ ಆಳದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಅರ್ಥವಾಗಬೇಕು ಅಂತ ಬರೆದಿದ್ದೇನೆ.

## ಮೊದಲು ಇಷ್ಟು ತಿಳಿದಿರಲಿ

ಬಟ್ಟೆ ಮೇಲೆ ಏಳೋ ಈ ಸಣ್ಣ ಸಣ್ಣ ಗಂಟು ಎಲ್ಲಿಂದ ಬರುತ್ತೆ?

ಬಟ್ಟೆಯ ಒಳಗಿಂದಲೇ ಬರುತ್ತದೆ. ಒಂದು ನೂಲನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಹತ್ತಾರು ಉಣ್ಣೆಯ ಎಳೆಗಳು ಕಾಣುತ್ತವೆ. ಅವನ್ನು ಒಟ್ಟಿಗೆ ಹಿಡಿದಿಟ್ಟಿರುವುದು ನೂಲಿಗೆ ಹಾಕಿದ ಹುರಿ. ಬಟ್ಟೆ ಉಜ್ಜಿದಾಗೆಲ್ಲ ಸಡಿಲವಾದ ಎಳೆಗಳ ತುದಿ ಹೊರಗೆ ಬರುತ್ತದೆ. ಮೊದಲು ಬರೀ ಜುಂಗು ಥರ ಕಾಣುತ್ತದೆ. ಉಜ್ಜಾಟ ಮುಂದುವರಿದರೆ ಆ ಜುಂಗು ಸುತ್ತಿಕೊಂಡು ಸಾಸಿವೆ ಕಾಳಿನಷ್ಟು ಗಂಟಾಗುತ್ತದೆ. ಇದನ್ನೇ ಪಿಲ್ಲಿಂಗ್ ಅನ್ನುವುದು. ಗಂಟಿನ ಬುಡದಲ್ಲಿ ಒಂದೆರಡು ಎಳೆಗಳು ಇನ್ನೂ ನೂಲಿನೊಳಗೆ ಬೇರು ಬಿಟ್ಟಂತೆ ಕೂತಿರುತ್ತವೆ. ಅದಕ್ಕೇ ಅದು ಕೊಡವಿದರೆ ಬೀಳುವುದಿಲ್ಲ.

ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಅವೆಲ್ಲ ಎಳೆಯ ತುದಿಯ ಕಡೆಗೆ ಮುಖ ಮಾಡಿವೆ. ಹಾಗಾಗಿ ಎಳೆ ಒಂದು ದಿಕ್ಕಿಗೆ ಸಲೀಸಾಗಿ ಜಾರುತ್ತದೆ, ವಾಪಸ್ ಬರುವಾಗ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಹೊರಬಂದ ಎಳೆ ತಾನಾಗಿ ಒಳಗೆ ಹೋಗುವುದಿಲ್ಲ.

ಬಟ್ಟೆ ಇಷ್ಟು ದಪ್ಪ ಇದೆ, ಆದ್ರೂ ಯಾಕೆ ಗಂಟು ಏಳುತ್ತೆ?

ಎಲ್ಲಕ್ಕಿಂತ ಜಾಸ್ತಿ ಕೇಳಿದ ಪ್ರಶ್ನೆ ಇದು. ತಪ್ಪು ತಿಳಿವಳಿಕೆ ಜಾಸ್ತಿ ಇರುವುದೂ ಇಲ್ಲೇ. ದಪ್ಪ ಬಟ್ಟೆ ಚೆನ್ನಾಗಿ ಇಳಿಬೀಳುತ್ತದೆ, ಸುಕ್ಕು ಕಡಿಮೆ, ಮೊಣಕಾಲು ಬೇಗ ಉಬ್ಬುವುದಿಲ್ಲ. ಆದರೆ ತೂಕ ಗಂಟನ್ನು ತಡೆಯುವುದಿಲ್ಲ. ತಡೆಯುವುದು ಮೂರು ಸಂಗತಿ: ಎಳೆಯ ಉದ್ದ, ನೂಲಿನ ಹುರಿ, ನೇಯ್ಗೆಯ ಬಿಗಿ.

ಉಣ್ಣೆಯ ನೂಲು ತೆಗೆಯುವುದಕ್ಕೆ ಎರಡು ದಾರಿಗಳಿವೆ. ವರ್ಸ್ಟೆಡ್ ದಾರಿಯಲ್ಲಿ ಉಣ್ಣೆಯನ್ನು ಚೆನ್ನಾಗಿ ಬಾಚಿ, ಗಿಡ್ಡ ಎಳೆಗಳನ್ನೆಲ್ಲ ತೆಗೆದು, ಉದ್ದದವನ್ನು ಒಂದರ ಪಕ್ಕ ಒಂದು ಸಾಲಾಗಿ ಕೂರಿಸಿ ನೂಲುತ್ತಾರೆ. ವುಲನ್ ದಾರಿಯಲ್ಲಿ ಬಾಚುವುದಿಲ್ಲ. ಗಿಡ್ಡ ಎಳೆ, ಉದ್ದ ಎಳೆ ಎಲ್ಲ ಅಡ್ಡಾದಿಡ್ಡಿ ಇದ್ದ ಹಾಗೇ ಸಡಿಲವಾಗಿ ನೂಲುತ್ತಾರೆ. ಮೆತ್ತಗೆ, ಬೆಚ್ಚಗೆ ಇರುವುದು ಈ ಎರಡನೆಯದು. ಗಿಡ್ಡ ಎಳೆ ಜಾಸ್ತಿ ಇದ್ದಷ್ಟೂ ತುದಿಗಳು ಜಾಸ್ತಿ. ತುದಿ ಜಾಸ್ತಿ ಇದ್ದಷ್ಟೂ ಜುಂಗು ಜಾಸ್ತಿ.

ಫ್ಲಾನಲ್ ಅಂದರೆ ಮೇಲ್ಮೈಯಲ್ಲಿ ಮೆತ್ತನೆಯ ಜುಂಗು ಎಬ್ಬಿಸಿದ ಬಟ್ಟೆ. ಒಂದು ಮೀಟರಿಗೆ 400 ಗ್ರಾಂ ತೂಗುವ ವುಲನ್ ಫ್ಲಾನಲ್ ಪ್ಯಾಂಟಿನ ಮೇಲೆ ಒಂದೇ ಚಳಿಗಾಲದಲ್ಲಿ ಗಂಟು ಏಳಬಹುದು. 280 ಗ್ರಾಂನ ಬಿಗಿ ಹುರಿಯ ವರ್ಸ್ಟೆಡ್ ವರ್ಷಗಟ್ಟಲೆ ನುಣುಪಾಗಿಯೇ ಉಳಿಯಬಹುದು. ಇಲ್ಲಿ ಮೀಟರ್ ಅಂದರೆ ಸುಮಾರು 150 ಸೆಂಟಿಮೀಟರ್ ಪನ್ನದ ಬಟ್ಟೆಯ ಒಂದು ಮೀಟರ್ ಉದ್ದ. ಚದರ ಮೀಟರಿನ ಲೆಕ್ಕದಲ್ಲಿ ಹೇಳಿದರೆ ಅದೇ 400 ಗ್ರಾಂ 267 ಗ್ರಾಂ ಆಗುತ್ತದೆ. ಎರಡು ಬಟ್ಟೆ ಹೋಲಿಸುವಾಗ ಯಾವ ಲೆಕ್ಕ ಅಂತ ಕೇಳಿಕೊಳ್ಳಿ.

ಕೋಟ್ ಹೊಸದರ ಹಾಗೇ ಇದೆ. ಪ್ಯಾಂಟ್ ಮಾತ್ರ ಯಾಕೆ ಹೀಗಾಯ್ತು?

ಒಂದೇ ಬಟ್ಟೆ, ಆದರೆ ಕೆಲಸ ಬೇರೆ. ಒಂದು ದಿನಕ್ಕೆ 6,000 ಹೆಜ್ಜೆ ಇಟ್ಟರೆ ಒಂದು ತೊಡೆ ಇನ್ನೊಂದನ್ನು 6,000 ಸಲ ಸವರಿಕೊಂಡು ಹೋಗುತ್ತದೆ. ಕೋಟಿಗೆ ಇಂಥ ಉಜ್ಜಾಟ ಬರುವುದು ತೋಳಿನ ಕೆಳಗೆ, ಮೇಜಿಗೆ ತಾಗುವ ಮುಂಗೈ ಹತ್ತಿರ ಅಷ್ಟೇ. ಒಳಗೆ ಪೂರ್ತಿ ಲೈನಿಂಗ್ ಬೇರೆ ಇರುತ್ತದೆ. ಅದಕ್ಕೇ ದಪ್ಪ ಉಣ್ಣೆಯ ಸೂಟ್ ಹೊಲಿಸುವವರಿಗೆ ನನ್ನದೊಂದೇ ಮಾತು: ಆಗುವುದಾದರೆ ಒಂದು ಕೋಟಿಗೆ ಎರಡು ಪ್ಯಾಂಟ್ ಹೊಲಿಸಿಕೊಳ್ಳಿ, ಅದೂ ಒಂದೇ ಥಾನಿನ ಬಟ್ಟೆಯಲ್ಲಿ. ಆಮೇಲೆ ಹುಡುಕಿದರೆ ಅದೇ ಬಣ್ಣ ಸಿಗುವುದು ಕಷ್ಟ.

ಹೊಸ ಪ್ಯಾಂಟ್, ಮೂರನೇ ಸಲ ಹಾಕಿದಾಗಲೇ ಗಂಟು ಬಂತು. ಮೋಸ ಹೋದೆನಾ?

ಇಷ್ಟಕ್ಕೇ ಹಾಗೆ ಅಂದುಕೊಳ್ಳಬೇಡಿ. ಕತ್ತರಿಸಿ ಹೊಲಿದ ಹೊಸ ಬಟ್ಟೆಯ ಮೇಲ್ಮೈಯಲ್ಲಿ ಸಡಿಲ ಎಳೆಗಳು ಇದ್ದೇ ಇರುತ್ತವೆ. ಮೊದಲ ಕೆಲವು ಸಲ ಹಾಕಿದಾಗ ಅವು ಹೊರಬಂದು ಗಂಟಾಗುತ್ತವೆ. ಅಪ್ಪಟ ಉಣ್ಣೆಯಲ್ಲಿ ಆ ಗಂಟಿನ ಬುಡದ ಎಳೆ ಸವೆದು ತುಂಡಾಗುತ್ತದೆ, ಗಂಟು ಉದುರುತ್ತದೆ. ಸಡಿಲ ಎಳೆಗಳ ದಾಸ್ತಾನು ಮುಗಿದ ಮೇಲೆ ಹೊಸ ಗಂಟು ಕಡಿಮೆಯಾಗುತ್ತದೆ. ಹತ್ತು ಹನ್ನೆರಡು ಸಲ ಹಾಕಿ, ಪ್ರತಿ ಸಲ ಬ್ರಷ್ ಮಾಡಿ ನೋಡಿ. ಆಮೇಲೂ ಅದೇ ವೇಗದಲ್ಲಿ ಏಳುತ್ತಿದ್ದರೆ, ಅದೂ ಉಜ್ಜಾಟವಿಲ್ಲದ ಹೊರತೊಡೆ, ಮೀನಖಂಡದ ಭಾಗದಲ್ಲೂ ಎದ್ದರೆ, ಬಟ್ಟೆಯಲ್ಲೇ ದೋಷ ಇದೆ ಅಂತ ಹೇಳಬಹುದು.

ಗಂಟು ಕಂಡ ತಕ್ಷಣ ಕೈ ಸುಮ್ನಿರಲ್ಲ. ಕಿತ್ತರೆ ಏನಾಗುತ್ತೆ?

ಕೆರೆದು ಹುಣ್ಣು ಮಾಡಿಕೊಂಡ ಹಾಗಾಗುತ್ತದೆ. ಗಂಟಿನ ಬುಡದ ಎಳೆ ನೂಲಿನೊಳಗೆ ಇನ್ನೂ ಸೆಂಟಿಮೀಟರುಗಟ್ಟಲೆ ಉದ್ದ ಇರುತ್ತದೆ. ನೀವು ಎಳೆದಾಗ ಅದು ಪಕ್ಕದ ಎಳೆಗಳನ್ನೂ ಕರೆದುಕೊಂಡು ಬರುತ್ತದೆ. ಇವತ್ತು ಒಂದು ಗಂಟು ಹೋಯಿತು, ನಾಳೆಯ ನಾಲ್ಕು ಗಂಟಿಗೆ ಜುಂಗು ಸಿದ್ಧವಾಯಿತು. ಜೊತೆಗೆ ಆ ಜಾಗದ ನೂಲೂ ಸಣಕಲಾಯಿತು. ಕತ್ತರಿಸಿ, ಕೀಳಬೇಡಿ.

## ತೊಡುವಾಗ, ತೆಗೆದಿಡುವಾಗ

ದಿನಾ ಅದೇ ಪ್ಯಾಂಟ್ ಹಾಕ್ತೀನಿ. ಅದರಿಂದಲೂ ಗಂಟು ಜಾಸ್ತಿ ಆಗುತ್ತಾ?

ಆಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಅದು ಉಣ್ಣೆಯ ದೊಡ್ಡ ಗುಣ. ಆದರೆ ತೇವ ಕುಡಿದ ಎಳೆ ಮೆತ್ತಗಾಗುತ್ತದೆ, ಬಲ ಕಡಿಮೆಯಾಗುತ್ತದೆ, ಬೇಗ ಹಿಗ್ಗುತ್ತದೆ. ಬೆವರು ಆರದ ಪ್ಯಾಂಟನ್ನು ಬೆಳಿಗ್ಗೆ ಮತ್ತೆ ಹಾಕಿಕೊಂಡರೆ ಅದೇ ಮೆತ್ತನೆಯ ಎಳೆಗಳನ್ನು ಮತ್ತೆ ಉಜ್ಜಿದಂತೆ. ಒಂದು ಪೂರ್ತಿ ದಿನ ಬಿಡುವು ಕೊಡಿ. ಬಟ್ಟೆ ದಪ್ಪ ಇದ್ದರೆ ಎರಡು ದಿನ ಇನ್ನೂ ಒಳ್ಳೆಯದು, ಒಳಗಿನ ತೇವ ಆರಲು ಅಷ್ಟು ಹೊತ್ತು ಬೇಕು. ಜೇಬು ಖಾಲಿ ಮಾಡಿ, ಬೆಲ್ಟ್ ತೆಗೆದು, ಕ್ರೀಸ್ ಸರಿಯಾಗಿ ಕೂಡಿಸಿ, ಕಾಲಿನ ತುದಿಯನ್ನು ಕ್ಲಿಪ್ ಹ್ಯಾಂಗರಿಗೆ ಸಿಕ್ಕಿಸಿ ತಲೆಕೆಳಗಾಗಿ ನೇತುಹಾಕಿ. ಬಟ್ಟೆಯ ಭಾರವೇ ಸುಕ್ಕನ್ನು ಎಳೆದು ಬಿಡಿಸುತ್ತದೆ.

ಬ್ರಷ್ ಮಾಡಿ ಅಂತ ಎಲ್ರೂ ಹೇಳ್ತಾರೆ. ನಿಜವಾಗ್ಲೂ ಉಪಯೋಗ ಇದೆಯಾ? ಹೇಗೆ ಮಾಡಬೇಕು?

ಗಂಟು ತಡೆಯಲು ನೀವು ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ, ಅದು ಬ್ರಷ್ ಆಗಿರಲಿ. ಗಂಟು ಒಂದೇ ಸಲಕ್ಕೆ ಹುಟ್ಟುವುದಿಲ್ಲ. ಮೊದಲು ಜುಂಗು, ಆಮೇಲೆ ಸಿಕ್ಕು, ಆಮೇಲೆ ಗಂಟು. ಜುಂಗಾಗಿರುವಾಗಲೇ ಬಾಚಿ ನೇರ ಮಾಡಿದರೆ ಸಿಕ್ಕಾಗುವುದೇ ಇಲ್ಲ. ಕೂದಲು ಬಾಚಿಕೊಳ್ಳುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಉಣ್ಣೆಯೂ ಕೂದಲೇ ಅಲ್ವಾ?

ಕುದುರೆ ಕೂದಲಿನದೋ ಹಂದಿ ಕೂದಲಿನದೋ ಬಟ್ಟೆ ಬ್ರಷ್ ತೆಗೆದುಕೊಳ್ಳಿ. ನುಣುಪು ವರ್ಸ್ಟೆಡ್‌ಗೆ ಸ್ವಲ್ಪ ಬಿರುಸಾದದ್ದು ನಡೆಯುತ್ತದೆ, ಫ್ಲಾನಲ್‌ಗೆ ಮೆತ್ತನೆಯದೇ ಬೇಕು. ಪ್ಲಾಸ್ಟಿಕ್ ಮುಳ್ಳಿನದು ಬೇಡ, ಅದರ ತುದಿ ಎಳೆಯನ್ನು ಗೀರುತ್ತದೆ.

ಪ್ಯಾಂಟ್ ಕಳಚಿದ ತಕ್ಷಣ, ಮೈಬಿಸಿ ಇನ್ನೂ ಇರುವಾಗ ಮಾಡಿದರೆ ಚೆನ್ನ. ಮೇಜಿನ ಮೇಲೆ ಒಂದು ಕಾಲನ್ನು ಹರಡಿ. ಮೊದಲು ಕೆಳಗಿಂದ ಮೇಲಕ್ಕೆ ಹಗುರವಾಗಿ ನಾಲ್ಕೈದು ಸಲ ಎಳೆಯಿರಿ. ಒಳಗೆ ಕೂತ ದೂಳು, ಮರಳಿನ ಕಣ ಮೇಲೆ ಬರುತ್ತವೆ. ಅವು ಎಳೆಗಳ ನಡುವೆ ಕೂತು ಗರಗಸದ ಹಾಗೆ ಕೊಯ್ಯುತ್ತವೆ, ಅವನ್ನು ಬಿಡಬಾರದು. ಆಮೇಲೆ ಮೇಲಿಂದ ಕೆಳಕ್ಕೆ, ಉದ್ದುದ್ದಕ್ಕೆ, ಕೊನೆಯಲ್ಲಿ ಮಣಿಕಟ್ಟನ್ನು ಸ್ವಲ್ಪ ಮೇಲೆತ್ತಿ. ಆಗ ದೂಳು ಬಟ್ಟೆಯಿಂದ ಹೊರಗೆ ಹಾರುತ್ತದೆ, ಮತ್ತೆ ಒಳಗೆ ಒತ್ತುವುದಿಲ್ಲ. ಬೆಳಕನ್ನು ಒಂದು ಪಕ್ಕದಿಂದ ಬಿಟ್ಟುಕೊಂಡು ನೋಡಿ: ಬ್ರಷ್ ಮಾಡದ ಕಾಲಿನ ಮೇಲೆ ಮಂಜು ಕೂತ ಹಾಗೆ ಜುಂಗು ನಿಂತಿರುತ್ತದೆ, ಮಾಡಿದ್ದರ ಮೇಲೆ ನೇಯ್ಗೆಯ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಒಳತೊಡೆಗೆ ಮಾತ್ರ ಇನ್ನೂ ನಾಲ್ಕು ಸಲ ಜಾಸ್ತಿ, ಆದರೆ ಒತ್ತಡ ಇನ್ನೂ ಕಡಿಮೆ. ಎಲ್ಲ ಸೇರಿ ಮೂರು ನಿಮಿಷದ ಕೆಲಸ.

ನನ್ನ ತೊಡೆ ದಪ್ಪ. ನಡೆದರೆ ಉಜ್ಜೇ ಉಜ್ಜುತ್ತೆ. ನನಗೆ ಉಣ್ಣೆ ಆಗಿಬರಲ್ವಾ?

ಖಂಡಿತ ಆಗಿಬರುತ್ತದೆ. ತೊಡೆಗಳು ತಾಗುವುದು ಬಹಳ ಜನಕ್ಕೆ ಸಹಜ. ನೋಡಬೇಕಾದ್ದು ಪ್ಯಾಂಟಿನ ಅಳತೆ. ತೊಡೆಯಲ್ಲಿ ಬಿಗಿಯಾಗಿ ಎಳೆದು ಕೂತ ಬಟ್ಟೆ ಜಾರುವುದಿಲ್ಲ, ಒತ್ತಿಕೊಂಡೇ ಉಜ್ಜುತ್ತದೆ. ಸಡಿಲ ಇದ್ದರೆ ಬಟ್ಟೆ ಬಟ್ಟೆಯ ಮೇಲೆ ಜಾರಿ ಹೋಗುತ್ತದೆ. ಟೈಲರಿಗೆ ಎರಡು ಮಾತು ಹೇಳಿ. ತೊಡೆಯ ಹತ್ತಿರ ಕೈಯಲ್ಲಿ ಒಂದು ಮಡಿಕೆ ಹಿಡಿಯಲು ಬರುವಷ್ಟು ಬಟ್ಟೆ ಬಿಡಲಿ. ಎರಡು ಕಾಲು ಸೇರುವ ಜಾಗ ಮೈಗೆ ಹತ್ತಿರ ಕೂರಲಿ. ಅದು ಕೆಳಗೆ ಜೋತುಬಿದ್ದರೆ ಪ್ರತಿ ಹೆಜ್ಜೆಗೂ ಅಲ್ಲಿ ಬಟ್ಟೆ ಮುದುಡಿ ಉಜ್ಜುತ್ತದೆ. ಪ್ಯಾಂಟ್ ಸೊಂಟದಿಂದ ಕೆಳಗೆ ಜಾರಿದರೂ ಹೀಗೇ ಆಗುತ್ತದೆ. ಹೊಸದಾಗಿ ಹೊಲಿಸುವವರು ಮುಂದೆ ಒಂದು ನೆರಿಗೆ ಇಡಿಸಿದರೆ ಕೂತಾಗ ತೊಡೆಗೆ ಜಾಗ ಸಿಗುತ್ತದೆ.

ಒಳಗೆ ಲೈನಿಂಗ್ ಹಾಕಿಸಿದ್ರೆ ಗಂಟು ನಿಲ್ಲುತ್ತಾ?

ಹೊರಗಿನ ಗಂಟಿಗೂ ಒಳಗಿನ ಲೈನಿಂಗಿಗೂ ನೇರ ಸಂಬಂಧ ಕಡಿಮೆ. ಮೊಣಕಾಲಿನವರೆಗಿನ ಲೈನಿಂಗ್ ಮೊಣಕಾಲು ಉಬ್ಬದಂತೆ ನೋಡಿಕೊಳ್ಳುತ್ತದೆ, ಬೆವರು ನೇರವಾಗಿ ಉಣ್ಣೆಗೆ ಹೋಗದಂತೆ ತಡೆಯುತ್ತದೆ. ಕಾಲು ಸೇರುವ ಜಾಗದಲ್ಲಿ ಒಳಗಡೆ ಹೊಲಿಯುವ ತೆಳು ಬಟ್ಟೆಯ ತುಂಡು ಆ ಜಾಗ ತೂತಾಗುವುದನ್ನು ಮುಂದೂಡುತ್ತದೆ. ಎರಡೂ ಒಳ್ಳೆಯವೇ. ಆದರೆ ಹೊರಮೈ ಹೊರಮೈಯನ್ನು ಉಜ್ಜುವುದು ನಿಲ್ಲುವುದಿಲ್ಲ.

ಒಂದು ಕಡೆ ತೊಡೆ ಮೇಲೆ ಮಾತ್ರ ಗಂಟು ಜಾಸ್ತಿ. ಯಾಕಿರಬಹುದು?

ಆ ಕಡೆ ಏನು ತಾಗುತ್ತದೆ ನೋಡಿ. ಹೆಗಲಿನಿಂದ ಇಳಿಬಿಟ್ಟ ಬ್ಯಾಗ್ ನಡೆಯುವಾಗ ತೊಡೆಗೆ ಬಡಿಯುತ್ತಿರಬಹುದು. ಜೇಬಿನಲ್ಲಿ ಬೀಗದ ಕೈ ಗೊಂಚಲೋ ಮೊಬೈಲೋ ಒಳಗಿಂದ ಬಟ್ಟೆಯನ್ನು ಉಬ್ಬಿಸಿ, ಹೊರಗಿನಿಂದ ಕೈ ತಾಗಿದಾಗೆಲ್ಲ ಅದೇ ಜಾಗ ಉಜ್ಜುತ್ತಿರಬಹುದು. ಕುರ್ಚಿಯ ಅಂಚು, ಒರಟು ನೇಯ್ಗೆಯ ಸೀಟು, ಸೈಕಲ್ ಸೀಟು ಕೂಡ ಕಾರಣ. ಒಂದು ವಾರ ಬ್ಯಾಗ್ ಇನ್ನೊಂದು ಹೆಗಲಿಗೆ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. ಗಂಟಿನ ಬಣ್ಣವನ್ನೂ ಗಮನಿಸಿ. ಕಪ್ಪು ಪ್ಯಾಂಟಿನ ಗಂಟಿನಲ್ಲಿ ಬಿಳಿಯೋ ಕೆಂಪೋ ಎಳೆ ಸೇರಿದ್ದರೆ, ಬೇರೆ ಯಾವುದೋ ಬಟ್ಟೆ ತನ್ನ ಜುಂಗನ್ನು ಇದಕ್ಕೆ ಅಂಟಿಸುತ್ತಿದೆ ಅಂತಲೇ ಅರ್ಥ.

## ಒಗೆತ, ಇಸ್ತ್ರಿ

ಡ್ರೈಕ್ಲೀನಿಂಗ್ ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು?

ದಿನಗಳ ಲೆಕ್ಕ ಬಿಡಿ. ಕೊಳೆಯಾದಾಗ ಮಾಡಿಸಿ. ಡ್ರೈಕ್ಲೀನಿಂಗ್ ಅಂದರೆ ನೀರಿನ ಬದಲು ದ್ರಾವಕದಲ್ಲಿ ಒಗೆಯುವುದು. ಬಟ್ಟೆ ದೊಡ್ಡ ಪೀಪಾಯಿಯಂಥ ಯಂತ್ರದಲ್ಲಿ ಉರುಳುತ್ತದೆ, ಆಮೇಲೆ ಬಿಸಿ ಗಾಳಿಯಲ್ಲಿ ಮತ್ತೆ ಉರುಳುತ್ತದೆ. ಆ ಉರುಳಾಟವೂ ಉಜ್ಜಾಟವೇ. ದ್ರಾವಕ ಉಣ್ಣೆಯಲ್ಲಿ ಉಳಿದಿರುವ ಜಿಡ್ಡನ್ನೂ ತೆಗೆದುಬಿಡುತ್ತದೆ. ಬರೀ ಸುಕ್ಕಿಗೋ ವಾಸನೆಗೋ ಆದರೆ ಹಬೆ ಮತ್ತು ಗಾಳಿ ಸಾಕು. ಸಣ್ಣ ಕಲೆಗೆ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ತಿಕ್ಕಬೇಡಿ.

ಕೊಡುವಾಗ ಎರಡು ಮಾತು ಮರೆಯದೆ ಹೇಳಿ: ಒಳಮೈ ಹೊರಗೆ ತಿರುಗಿಸಿ ಹಾಕಿ, ಗಂಟು ಇದ್ದರೆ ಯಂತ್ರದಿಂದ ಬೋಳಿಸಬೇಡಿ. ಕೋಟನ್ನೂ ಪ್ಯಾಂಟಿನ ಜೊತೆಗೇ ಕೊಡಿ, ಇಲ್ಲದಿದ್ದರೆ ಬಣ್ಣದಲ್ಲಿ ವ್ಯತ್ಯಾಸ ಬರಬಹುದು. ಚಳಿಗಾಲ ಮುಗಿದು ಪೆಟ್ಟಿಗೆಗೆ ಇಡುವ ಮೊದಲು ಮಾತ್ರ ತಪ್ಪದೆ ಶುಚಿ ಮಾಡಿಸಿ. ಬೆವರು, ಆಹಾರದ ಕಲೆ ಇರುವ ಉಣ್ಣೆಗೇ ನುಸಿಹುಳು ಮೊದಲು ಬೀಳುವುದು.

ಮನೆಯಲ್ಲೇ ಒಗೆಯಬಹುದಾ?

ಸೂಟ್ ಪ್ಯಾಂಟನ್ನು ಬೇಡ. ಉಣ್ಣೆ ತಣ್ಣೀರಿನಲ್ಲಿ ಬದುಕಿಕೊಂಡರೂ ಸೊಂಟಪಟ್ಟಿಯ ಒಳಗಿನ ಕ್ಯಾನ್ವಾಸ್, ಜೇಬಿನ ಹತ್ತಿ ಬಟ್ಟೆ, ಲೈನಿಂಗ್ ಒಂದೊಂದೂ ಒಂದೊಂದು ಅಳತೆಗೆ ಕುಗ್ಗುತ್ತವೆ. ಒಳಗಿನ ಲೇಬಲ್ ಮೇಲೆ ನೀರಿನಲ್ಲಿ ಒಗೆಯಬಹುದು ಅಂತ ಗುರುತಿದ್ದರೆ ಮಾತ್ರ ಒಳಮೈ ಹೊರಗೆ ಮಾಡಿ, 30 ಡಿಗ್ರಿಗಿಂತ ಕಡಿಮೆ ನೀರಿನಲ್ಲಿ, ಉಣ್ಣೆಗೆಂದೇ ಇರುವ ಸೋಪಿನಲ್ಲಿ ಅದ್ದಿ ತೆಗೆಯಿರಿ. ಸಾಮಾನ್ಯ ಡಿಟರ್ಜೆಂಟ್‌ಗಳಲ್ಲಿ ಪ್ರೋಟೀನ್ ಕರಗಿಸುವ ಕಿಣ್ವ ಇರುತ್ತದೆ. ಉಣ್ಣೆಯೇ ಪ್ರೋಟೀನ್. ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ಮಲಗಿಸಿ ಒಣಗಿಸಿ.

ಬಟ್ಟೆ ಮೆತ್ತಗಾಗೋಕೆ ಹಾಕೋ ಸಾಫ್ಟನರ್ ಹಾಕಿದ್ರೆ ಉಜ್ಜಾಟ ಕಡಿಮೆ ಆಗಲ್ವಾ?

ಎಳೆ ಜಾರುತ್ತದೆ, ನಿಜ. ಆದರೆ ನೂಲಿನ ಒಳಗಿಂದಲೂ ಜಾರಿ ಹೊರಗೆ ಬರುತ್ತದೆ. ಹಾಕಬೇಡಿ.

ಫ್ರಿಜ್‌ನ ಫ್ರೀಜರ್‌ನಲ್ಲಿ ಇಟ್ಟರೆ ಗಂಟು ಬರಲ್ಲ ಅಂತಾರೆ. ಹೌದಾ?

ಫ್ರೀಜರ್ ನುಸಿಹುಳಕ್ಕೆ ಮದ್ದು. ಗಂಟಿಗಲ್ಲ. ಹೊರಗೆ ತೆಗೆದ ಮೇಲೆ ಎಳೆ ಮೊದಲಿನ ಹಾಗೇ ಇರುತ್ತದೆ.

ಇಸ್ತ್ರಿ ಹಾಕಿದ್ರೆ ಜುಂಗು ಕೂತುಬಿಡುತ್ತೆ ಅಲ್ವಾ?

ಒಂದು ದಿನದ ಮಟ್ಟಿಗೆ ಕೂರುತ್ತದೆ. ಆದರೆ ಬಿಸಿ ಇಸ್ತ್ರಿಪೆಟ್ಟಿಗೆ ನೇರವಾಗಿ ತಾಗಿದರೆ ಎಳೆ ಚಪ್ಪಟೆಯಾಗಿ ಹೊಳಪು ಬರುತ್ತದೆ, ಒಣಗಿ ಗಡುಸಾಗುತ್ತದೆ. ನಡುವೆ ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ ಹಾಕಿ, ಪೆಟ್ಟಿಗೆಯನ್ನು ಒತ್ತಿ ಎತ್ತಿ, ಎಳೆದಾಡಬೇಡಿ. ಮೊದಲು ಬ್ರಷ್, ಆಮೇಲೆ ಇಸ್ತ್ರಿ. ಈ ಕ್ರಮ ತಪ್ಪಿದರೆ ದೂಳನ್ನು ಬಟ್ಟೆಯೊಳಕ್ಕೆ ಬೇಯಿಸಿದಂತಾಗುತ್ತದೆ. ಮುಗಿದ ಮೇಲೆ ಹಬೆ ಪೂರ್ತಿ ಆರುವ ತನಕ ಹಾಕಿಕೊಳ್ಳಬೇಡಿ.

## ಎದ್ದ ಗಂಟನ್ನು ತೆಗೆಯುವುದು

ಗಂಟು ತೆಗೆಯೋ ಮೆಷಿನ್ ಒಳ್ಳೇದಾ, ಬಾಚಣಿಗೆ ಒಳ್ಳೇದಾ, ಬ್ಲೇಡ್ ಒಳ್ಳೇದಾ?

ಬ್ಲೇಡ್ ಬೇಡವೇ ಬೇಡ. ಗಂಟು ಹೆರೆಯುವ ಒರಟು ಕಲ್ಲು ಸ್ವೆಟರಿಗೆ ಸರಿ, ನೇಯ್ದ ಸೂಟ್ ಬಟ್ಟೆಗೆ ಬೇಡ. ಹಲ್ಲಿನ ಬಾಚಣಿಗೆ ಗಂಟನ್ನು ಕತ್ತರಿಸುವುದಕ್ಕಿಂತ ಜಾಸ್ತಿ ಎಳೆಯುತ್ತದೆ. ಉಳಿದದ್ದು ಎರಡು: ಚೂಪಾದ ಸಣ್ಣ ಕತ್ತರಿ, ಮತ್ತೆ ಜಾಲರಿ ಇರುವ ಬ್ಯಾಟರಿ ಮೆಷಿನ್.

ಗಂಟು ಇಪ್ಪತ್ತು ಮೂವತ್ತು ಇದ್ದರೆ ಕತ್ತರಿಯೇ ಸರಿ. ಬಟ್ಟೆಯನ್ನು ಬೆರಳಿನ ಮೇಲೆ ಬಿಗಿಯಾಗಿ ಎಳೆದು, ಗಂಟು ಎದ್ದು ನಿಂತಾಗ ಬುಡದಿಂದ ಕೂದಲೆಳೆಯಷ್ಟು ಮೇಲೆ ಕತ್ತರಿಸಿ. ತುಂಬಾ ಇದ್ದರೆ ಮೆಷಿನ್. ಗಟ್ಟಿ ಮೇಜಿನ ಮೇಲೆ ಒಂದೇ ಪದರ ಹರಡಿ, ಸುಕ್ಕು ಇಲ್ಲದಂತೆ ನೋಡಿಕೊಂಡು, ಜಾಲರಿಯನ್ನು ಬಟ್ಟೆಗೆ ತಾಗಿಯೂ ತಾಗದಂತೆ ಆಡಿಸಿ. ಒತ್ತಬೇಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಬೂದು ಬಣ್ಣದ ಫ್ಲಾನಲ್ ಪ್ಯಾಂಟೊಂದಕ್ಕೆ ಮೆಷಿನ್ ಹಿಡಿದಾಗ, ಕಾಲಿನ ಒಳಹೊಲಿಗೆಯ ಮೇಲೂ ಅದೇ ವೇಗದಲ್ಲಿ ಎಳೆದುಬಿಟ್ಟೆ. ಹೊಲಿಗೆಯ ಹತ್ತಿರ ಒಳಗೆ ಮಡಿಸಿದ ಬಟ್ಟೆಯಿಂದಾಗಿ ಒಂದು ಸಣ್ಣ ದಿಣ್ಣೆ ಇರುತ್ತದೆ. ಜಾಲರಿ ಆ ದಿಣ್ಣೆಯ ಮೇಲೆ ಒತ್ತಿ ನಿಂತಿತು. ಚರ್ ಅಂತ ಸದ್ದು ಬಂತು. ತೆಗೆದು ನೋಡಿದರೆ ಹೊಲಿಗೆ ಪಕ್ಕ ಎರಡು ಮಿಲಿಮೀಟರ್ ಉದ್ದದ ಗೀರು, ಅದರಲ್ಲಿ ತುಂಡಾದ ನೂಲುಗಳ ತುದಿ. ಗಂಟು ಜಾಸ್ತಿ ಏಳುವುದೂ ಸರಿಯಾಗಿ ಅಲ್ಲೇ, ಒಳಹೊಲಿಗೆಯ ಅಕ್ಕಪಕ್ಕ. ಅಲ್ಲಿಗೆ ಕತ್ತರಿ ಮಾತ್ರ.

ಫ್ಲಾನಲ್‌ಗೂ ಇದೇ ವಿಧಾನವಾ?

ಇನ್ನೂ ಜೋಪಾನ ಬೇಕು. ಫ್ಲಾನಲ್‌ನ ಮೇಲಿರುವ ಮೆತ್ತನೆಯ ಜುಂಗು ದೋಷವಲ್ಲ, ಬೇಕು ಅಂತಲೇ ಎಬ್ಬಿಸಿದ್ದು. ಮೆಷಿನ್‌ನಿಂದ ಪೂರ್ತಿ ಬೋಳಿಸಿದರೆ ನೇಯ್ಗೆ ಬೆತ್ತಲಾಗಿ ಆ ಜಾಗ ತೇಪೆಯ ಹಾಗೆ ಎದ್ದು ಕಾಣುತ್ತದೆ. ಹಬೆ ತೋರಿಸಿ ಮೆತ್ತಗೆ ಬ್ರಷ್ ಮಾಡಿ, ಗುಂಡಗೆ ಉಳಿದದ್ದನ್ನು ಮಾತ್ರ ಒಂದೊಂದಾಗಿ ಕತ್ತರಿಸಿ.

ಎಷ್ಟು ಸಲ ತೆಗೆಯಬಹುದು?

ಕತ್ತರಿಗೆ ಲೆಕ್ಕವಿಲ್ಲ, ಅದು ಹೇಗೂ ಉದುರಬೇಕಾದ್ದನ್ನೇ ತೆಗೆಯುತ್ತದೆ. ಮೆಷಿನ್ ಮಾತ್ರ ಜುಂಗಿನ ಜೊತೆ ಒಳ್ಳೆಯ ಎಳೆಯನ್ನೂ ಸ್ವಲ್ಪ ಹೆರೆಯುತ್ತದೆ. ಒಂದು ಚಳಿಗಾಲಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು.

## ಸ್ವಲ್ಪ ಆಳಕ್ಕೆ ಹೋಗುವವರಿಗೆ

ಕೊಳ್ಳೋ ಮೊದಲೇ ಗಂಟು ಏಳುತ್ತಾ ಇಲ್ವಾ ಅಂತ ತಿಳಿಯೋದು ಹೇಗೆ?

ಬಟ್ಟೆಯ ಒಂದು ಮೂಲೆಯನ್ನು ಮಡಿಸಿ, ಅದನ್ನೇ ಅದರ ಮೇಲೆ ಹೆಬ್ಬೆರಳಿನಿಂದ ಗುಂಡಗೆ ಐವತ್ತು ಸಲ ಉಜ್ಜಿ. ಪಕ್ಕದ ಬೆಳಕಿಗೆ ಹಿಡಿದು ನೋಡಿ. ನೇಯ್ಗೆ ಹಾಗೇ ಕಂಡರೆ ಒಳ್ಳೆಯದು. ಇಷ್ಟಕ್ಕೇ ಮಬ್ಬಾಗಿ ಜುಂಗು ಎದ್ದರೆ ಒಳತೊಡೆಯಲ್ಲಿ ಏನಾಗುತ್ತದೆ ಅಂತ ಊಹಿಸಿಕೊಳ್ಳಿ.

ಮಾದರಿ ತುಂಡು ಸಿಕ್ಕರೆ ಇನ್ನೂ ಚೆನ್ನಾಗಿ ನೋಡಬಹುದು. ಅಂಚಿನಿಂದ ಉದ್ದಕ್ಕೆ ಹೋಗುವ ಒಂದು ಹಾಸಿನ ನೂಲು, ಅಡ್ಡಕ್ಕೆ ಹೋಗುವ ಒಂದು ಹೊಕ್ಕಿನ ನೂಲು ಎಳೆದು ತೆಗೆಯಿರಿ. ಎರಡು ಬೆರಳುಗಳ ನಡುವೆ ಹಿಡಿದು ಹುರಿಗೆ ಎದುರಾಗಿ ತಿರುಗಿಸಿ. ಗಟ್ಟಿ ಬಟ್ಟೆಯಾದರೆ ಮೊದಲು ಅದು ಎರಡು ತೆಳು ನೂಲುಗಳಾಗಿ ಬಿಚ್ಚಿಕೊಳ್ಳುತ್ತದೆ, ಯಾಕೆಂದರೆ ಎರಡನ್ನು ಸೇರಿಸಿ ಹುರಿ ಮಾಡಿರುತ್ತಾರೆ. ಹಾಸು ಹೊಕ್ಕು ಎರಡರಲ್ಲೂ ಹೀಗಿದ್ದರೆ ಬಹಳ ಒಳ್ಳೆಯದು. ಈಗ ಒಂದು ತೆಳು ನೂಲನ್ನು ಪೂರ್ತಿ ಬಿಚ್ಚಿ, ಮೆಲ್ಲಗೆ ಎಳೆದು, ಒಂದೊಂದೇ ಎಳೆಯನ್ನು ಕಪ್ಪು ಅಥವಾ ಬಿಳಿ ಕಾಗದದ ಮೇಲೆ ಇಡಿ. ಬಾಚಿ ತೆಗೆದ ಉಣ್ಣೆಯಲ್ಲಿ ಸುಮಾರು 6ರಿಂದ 8 ಸೆಂಟಿಮೀಟರ್ ಉದ್ದದ ಎಳೆಗಳು ಸಿಗುತ್ತವೆ. ಹಿಡಿಯುವಾಗಲೇ ಎರಡು ಮೂರು ಸೆಂಟಿಮೀಟರಿನ ತುಂಡುಗಳು ಉದುರಿದರೆ ಅದು ಗಂಟು ಏಳುವ ಬಟ್ಟೆ. ಅಂಗಡಿಯವರು ಬಾಯಲ್ಲಿ ಏನೇ ಹೇಳಲಿ, ನೂಲು ಸುಳ್ಳು ಹೇಳುವುದಿಲ್ಲ.

ದಪ್ಪ ಬಟ್ಟೆಯೇ ಬೇಕು, ಗಂಟು ಬೇಡ ಅನ್ನುವವರಿಗೆ ನನ್ನ ಆಯ್ಕೆ ಕ್ಯಾವಲ್ರಿ ಟ್ವಿಲ್, ವಿಪ್‌ಕಾರ್ಡ್, ಕೋವರ್ಟ್‌ನಂಥ ಒತ್ತಾದ ವರ್ಸ್ಟೆಡ್‌ಗಳು. ಫ್ಲಾನಲ್ ಮೇಲೇ ಮನಸ್ಸಿದ್ದರೆ ವರ್ಸ್ಟೆಡ್ ಫ್ಲಾನಲ್ ಕೇಳಿ.

ಸೂಪರ್ 150 ಅಂದ್ರೆ ಸೂಪರ್ 80ಕ್ಕಿಂತ ಗಟ್ಟಿ ಅಲ್ವಾ?

ತಿರುಗಾಮುರುಗಾ. ಈ ಅಂಕಿ ಹೇಳುವುದು ಎಳೆ ಎಷ್ಟು ಸಪೂರ ಅನ್ನುವುದನ್ನು ಮಾತ್ರ. ಅಂತರರಾಷ್ಟ್ರೀಯ ಉಣ್ಣೆ ಜವಳಿ ಸಂಘಟನೆಯ ನಿಯಮದಂತೆ ಸೂಪರ್ 80ರ ಎಳೆಯ ಸರಾಸರಿ ದಪ್ಪ 19.75 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಮೀರಬಾರದು, ಸೂಪರ್ 100ರದ್ದು 18.75, ಸೂಪರ್ 150ರದ್ದು 16.25. ವ್ಯತ್ಯಾಸ ಅಷ್ಟೇನಾ ಅನ್ನಿಸಬಹುದು. ಆದರೆ ಎಳೆಯ ಬಿಗುವು, ಅಂದರೆ ಸುಲಭವಾಗಿ ಬಾಗದ ಗುಣ, ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಲೆಕ್ಕ ಹಾಕಿದರೆ ಸೂಪರ್ 80ರ ಎಳೆ ಸೂಪರ್ 150ರ ಎಳೆಗಿಂತ ಎರಡು ಪಟ್ಟಿಗೂ ಜಾಸ್ತಿ ಬಿಗಿ. ಸಪೂರ ಎಳೆ ಸಲೀಸಾಗಿ ಬಾಗುತ್ತದೆ, ಬಾಗಿದ್ದು ಸುತ್ತಿಕೊಳ್ಳುತ್ತದೆ, ಗಂಟಾಗುತ್ತದೆ. ದಿನವೂ ತೊಡುವ ದಪ್ಪ ಪ್ಯಾಂಟಿಗೆ ಸೂಪರ್ 80ರಿಂದ 100ರ ಒಳಗೆ ಇದ್ದರೆ ಸಾಕು. ಹುರಿ, ಎಳೆಯ ಉದ್ದ, ನೇಯ್ಗೆಯ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ.

ಪಾಲಿಯೆಸ್ಟರ್ ಬೆರೆಸಿದ್ರೆ ಬಟ್ಟೆ ಗಟ್ಟಿಯಾಗುತ್ತೆ ಅಂತಾರಲ್ಲ?

ಬಟ್ಟೆ ಹರಿಯುವುದು ತಡವಾಗುತ್ತದೆ. ಗಂಟಿನ ವಿಷಯದಲ್ಲಿ ಆ ಗಟ್ಟಿತನವೇ ತೊಂದರೆ. ಉಣ್ಣೆಯ ಗಂಟು ಬುಡ ಸವೆದು ಉದುರುತ್ತದೆ ಅಂದೆನಲ್ಲ, ಬುಡದಲ್ಲಿ ಪಾಲಿಯೆಸ್ಟರ್ ಎಳೆ ಇದ್ದರೆ ಅದು ಅಷ್ಟು ಬೇಗ ಸವೆಯುವುದಿಲ್ಲ. ಗಂಟು ಉದುರದೆ ಅಲ್ಲೇ ಕೂತು ಇನ್ನಷ್ಟು ಜುಂಗನ್ನು ಸೇರಿಸಿಕೊಂಡು ದೊಡ್ಡದಾಗುತ್ತದೆ. ನಿಮ್ಮ ಬಟ್ಟೆಯಲ್ಲಿ ಬೆರಕೆ ಇದೆಯಾ ಅಂತ ಅನುಮಾನ ಬಂದರೆ, ಹೊಲಿಗೆಗೆ ಒಳಗೆ ಬಿಟ್ಟ ಬಟ್ಟೆಯಿಂದ ಒಂದು ನೂಲು ತೆಗೆದು, ಚಿಮುಟದಲ್ಲಿ ಹಿಡಿದು, ನೀರಿನ ತೊಟ್ಟಿಯ ಮೇಲೆ ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬರಿಸಿ, ಬೆಂಕಿ ತೆಗೆದರೆ ತಾನಾಗಿ ಆರಿ, ಬೆರಳಲ್ಲಿ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆರುವ ಮೊದಲು ಮುಟ್ಟಬೇಡಿ.

ಬಟ್ಟೆ ವಿವರದಲ್ಲಿ ಮಾರ್ಟಿಂಡೇಲ್ ಸಂಖ್ಯೆ ದೊಡ್ಡದಾಗೇ ಇತ್ತು. ಆದ್ರೂ ಗಂಟು ಯಾಕೆ ಬಂತು?

ಮಾರ್ಟಿಂಡೇಲ್ ಅನ್ನುವುದು ಬಟ್ಟೆಯನ್ನು ಉಜ್ಜಿ ಪರೀಕ್ಷಿಸುವ ಯಂತ್ರ. ಆ ಒಂದೇ ಯಂತ್ರದಲ್ಲಿ ಎರಡು ಬೇರೆ ಬೇರೆ ಪರೀಕ್ಷೆ ಮಾಡುತ್ತಾರೆ. ಒಂದು ಸವೆತದ್ದು: ಎಷ್ಟು ಸಲ ಉಜ್ಜಿದರೆ ನೂಲು ತುಂಡಾಗುತ್ತದೆ ಅನ್ನುವ ಲೆಕ್ಕ. ಸಾವಿರಗಳಲ್ಲಿ ಬರೆಯುವುದು ಇದನ್ನು. ಇನ್ನೊಂದು ಗಂಟಿನದು, ಅದರ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 12945-2. ಇದರಲ್ಲಿ ನೇಯ್ದ ಬಟ್ಟೆಯನ್ನು ಅದೇ ಬಟ್ಟೆಯ ಇನ್ನೊಂದು ತುಂಡಿನ ಮೇಲೆ ಉಜ್ಜುತ್ತಾರೆ, ಥೇಟ್ ತೊಡೆಗೆ ತೊಡೆ ಉಜ್ಜಿದ ಹಾಗೆ. ನಡುನಡುವೆ ನಿಲ್ಲಿಸಿ ಕಣ್ಣಿನಿಂದ ನೋಡಿ 5ರಿಂದ 1ರವರೆಗೆ ದರ್ಜೆ ಕೊಡುತ್ತಾರೆ. 5 ಅಂದರೆ ಬದಲಾವಣೆಯೇ ಇಲ್ಲ, 1 ಅಂದರೆ ಮೇಲ್ಮೈ ತುಂಬಾ ಗಂಟು. ಸವೆತಕ್ಕೆ ಬಹಳ ತಾಳುವ ಬಟ್ಟೆ ಗಂಟಿನಲ್ಲಿ 3 ಪಡೆಯಬಹುದು. ನೀವು ಕೇಳಬೇಕಾದ್ದು ಗಂಟಿನ ದರ್ಜೆಯನ್ನು, ಜೊತೆಗೆ ಎಷ್ಟು ಸುತ್ತು ಉಜ್ಜಿದ ಮೇಲಿನ ದರ್ಜೆ ಅನ್ನುವುದನ್ನು. ದಪ್ಪ ಪ್ಯಾಂಟಿಗೆ 4 ಅಥವಾ ಅದಕ್ಕಿಂತ ಮೇಲೆ ಇರುವುದನ್ನೇ ನಾನು ಆರಿಸುತ್ತೇನೆ.

ಒಳತೊಡೆ ಹತ್ತಿರ ಬಟ್ಟೆ ತೆಳ್ಳಗಾಗಿದೆ, ಗಂಟೂ ಇದೆ. ಈಗೇನು ಮಾಡಲಿ?

ಮೊದಲು ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಒಂದೇ ಪದರ ಹಿಡಿಯಿರಿ. ಆ ಜಾಗ ಪಕ್ಕದ ಬಟ್ಟೆಗಿಂತ ಬೆಳ್ಳಗೆ ಕಂಡರೆ ಗಂಟಿನ ಯೋಚನೆ ಬಿಟ್ಟುಬಿಡಿ, ಮೆಷಿನ್ ಹತ್ತಿರವೂ ತರಬೇಡಿ. ಈಗ ಉಳಿದಿರುವ ನೂಲನ್ನು ಕಾಯುವುದೇ ಕೆಲಸ. ತೂತು ಬೀಳುವ ಮೊದಲೇ ಟೈಲರ್ ಹತ್ತಿರ ಹೋಗಿ, ಒಳಗಿಂದ ಅದೇ ಬಣ್ಣದ ತೆಳು ಬಟ್ಟೆ ಇಟ್ಟು ಸಣ್ಣ ಸಣ್ಣ ಸಾಲಿನಲ್ಲಿ ಹೊಲಿಗೆ ಹಾಕಿಸಿ. ಅಂಟಿಸುವ ತೇಪೆ ಬೇಡ, ಅದು ಗಡುಸಾಗಿ ಅದರ ಅಂಚಿನಲ್ಲೇ ಹೊಸದಾಗಿ ಹರಿಯುತ್ತದೆ. ತೂತು ಬಿದ್ದಾಗಿದ್ದರೆ ರಫು ಮಾಡುವವರನ್ನು ಹುಡುಕಿ. ಅವರಿಗೆ ಅದೇ ಬಣ್ಣದ, ಅದೇ ದಪ್ಪದ ನೂಲು ಬೇಕಾಗುತ್ತದೆ. ಅದು ನಿಮ್ಮ ಪ್ಯಾಂಟಿನಲ್ಲೇ ಇದೆ: ಕಾಲಿನ ತುದಿಯಲ್ಲಿ ಒಳಗೆ ಮಡಿಸಿದ ಬಟ್ಟೆಯನ್ನು ಬಿಚ್ಚಿದರೆ, ಬಿಸಿಲು ಕಾಣದ, ಉಜ್ಜಿಸಿಕೊಳ್ಳದ ಹೊಸ ನೂಲು ಬೇಕಾದಷ್ಟು ಸಿಗುತ್ತದೆ.